ಗೋಬರ್ ಗ್ಯಾಸಿನ ನೀಲಿ ಉರಿ ಎಷ್ಟು ಶುದ್ಧ?

ಹೊಗೆಯ ಒಲೆಯ ಮುಂದೆ ಕುಳಿತು, ಕಣ್ಣೊರೆಸಿಕೊಳ್ಳುತ್ತ ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಕಷ್ಟವನ್ನು ಧಾರವಾಡ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯಲ್ಲಿ ಮರಗಿಡಗಳು ಕಡಿಮೆ. ಅಲ್ಲಿ ಒಲೆಗೆ ದೊರೆಯುತ್ತ ಬಂದದ್ದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ದನದ ಸೆಗಣಿಯ ಕುಳ್ಳು. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಕಾಡಿನ ಸೌದೆ ಇತ್ತು. ಉರುವಲು ಯಾವುದಾದರೇನು, ಹೊಗೆ ಹೋಗುತ್ತಿದ್ದುದು ಒಲೆಯ ಮುಂದೆ ಕುಳಿತವರ ಎದೆಯೊಳಕ್ಕೇ.

ಆದ್ದರಿಂದಲೇ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿಕೊಂಡ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಗೊಬ್ಬರದ್ದಲ್ಲ, ಹಣದ್ದೂ ಅಲ್ಲ. ಗೋಡೆ ಕಪ್ಪಾಗುವುದು ನಿಂತಿತು, ಕೆಮ್ಮು ಇಳಿಯಿತು ಎಂಬುದು. ಈ ಸಮಾಧಾನ ನ್ಯಾಯವಾದದ್ದೇ. ಆದರೆ ಹೊಗೆ ಕಾಣಿಸದ ಒಲೆಯೆಲ್ಲ ಶುದ್ಧವಾದ ಒಲೆ ಎಂದು ತಿಳಿದು ಸುಮ್ಮನಾಗಬಹುದೇ? ಹಾಗೆ ಸುಮ್ಮನಾಗುವಂತಿಲ್ಲ. ಗೋಬರ್ ಗ್ಯಾಸಿನ ಉರಿ ಶುದ್ಧವಾಗಿ ಉರಿಯುವುದೋ, ಕಣ್ಣಿಗೆ ಕಾಣದ ವಿಷಾನಿಲವನ್ನು ಅಡುಗೆಮನೆಗೆ ಬಿಡುವುದೋ ಎಂಬುದು ಗ್ಯಾಸಿಗಿಂತ ಹೆಚ್ಚಾಗಿ ಒಲೆಯ ರಚನೆಯನ್ನು ಅವಲಂಬಿಸಿದೆ. ಆ ರಚನೆಯ ಲೆಕ್ಕ ಕೈಯಲ್ಲಿ ಮಾಡಿ ಮುಗಿಸುವಂಥದ್ದಲ್ಲ. ಅದಕ್ಕಾಗಿ ಈಗ ಕಂಪ್ಯೂಟರಿನ ನೆರವು ಪಡೆಯುತ್ತಾರೆ.

ಮೊದಲು ಲಾಭದ ಮಾತನ್ನೇ ಹೇಳಿಬಿಡೋಣ. ಅಡುಗೆಮನೆಯ ಹೊಗೆ ಎಷ್ಟು ಕೆಟ್ಟದ್ದು ಎಂಬುದನ್ನು ಅಳೆದು ತೋರಿಸುವ ಕೆಲಸಕ್ಕೆ ನಾಂದಿಯಾದದ್ದು ನಮ್ಮ ದೇಶದಲ್ಲೇ. 1981ರಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಅವರ ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯಲ್ಲಿ ಎಷ್ಟು ಹೊಗೆಕಣ ಇದೆ ಎಂದು ಅಳೆದರು. ಮುಂದೆ ಜಗತ್ತಿನ ನಾನಾ ಕಡೆ ಇಂಥ ಅಳತೆಗಳು ನಡೆದವು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಶ್ವಾಸಕೋಶ ಕಟ್ಟಿದಂತಾಗುವ ದೀರ್ಘಕಾಲದ ಕಾಯಿಲೆ, ಹೃದಯರೋಗ, ಪಾರ್ಶ್ವವಾಯು, ಕಣ್ಣಿನ ಪೊರೆ, ಹುಟ್ಟುವ ಕೂಸಿನ ತೂಕ ಕಡಿಮೆಯಾಗುವುದು, ಇವೆಲ್ಲಕ್ಕೂ ಒಲೆಯ ಹೊಗೆಗೂ ನಂಟಿದೆ. ಕುಳ್ಳು, ಕಟ್ಟಿಗೆ ಬಿಟ್ಟು ಗ್ಯಾಸಿಗೆ ಬಂದವರು ಈ ಹೊಗೆಕಣಗಳ ಬಹುಭಾಗದಿಂದ ಪಾರಾಗುತ್ತಾರೆ. ಇದರಲ್ಲಿ ಎರಡು ಮಾತಿಲ್ಲ.

ಕಣ್ಣಿಗೆ ಕಾಣದ ಅನಿಲ

ಸೆಗಣಿಯಿಂದ ಬರುವ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್ ಇರುತ್ತದೆ. ಉರಿಯುವುದು ಅದೇ. ಉಳಿದದ್ದು ಬಹುತೇಕ ಇಂಗಾಲಾಮ್ಲ, ಅಂದರೆ ಕಾರ್ಬನ್ ಡೈಆಕ್ಸೈಡ್. ಇದು ಉರಿಯುವುದಿಲ್ಲ, ಉರಿಗೆ ಭಾರವಾಗಿ ಕೂರುತ್ತದೆ. ಇವುಗಳ ಜೊತೆಗೆ ನೀರಿನ ಆವಿ ಮತ್ತು ಕೊಳೆತ ತತ್ತಿಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೊಂಚ ಬೆರೆತಿರುತ್ತವೆ.

ಮೀಥೇನ್ ಒಮ್ಮೆಗೇ ಸುಟ್ಟು ಇಂಗಾಲಾಮ್ಲವಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸುಡುತ್ತದೆ. ಕೊನೆಯ ಮೆಟ್ಟಿಲಿಗೆ ಮೊದಲು ಅದು ಕಾರ್ಬನ್ ಮಾನಾಕ್ಸೈಡ್ ಆಗಿರುತ್ತದೆ. ಅಲ್ಲಿಂದ ಮುಂದೆ ಹೋಗಲು ಸಾಕಷ್ಟು ಗಾಳಿ ಬೇಕು, ಸಾಕಷ್ಟು ಬಿಸಿ ಬೇಕು, ಒಂದಿಷ್ಟು ಸಮಯವೂ ಬೇಕು. ಗಾಳಿ ಕಡಿಮೆ ಬಿದ್ದರೆ, ಅಥವಾ ಉರಿಯ ತುದಿ ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದು ಆರಿದರೆ, ಸುಡುವ ಕೆಲಸ ಆ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಆಗ ಮಾನಾಕ್ಸೈಡ್ ಹೊರಬಿದ್ದು ಕೋಣೆಯಲ್ಲಿ ಸೇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಕಟ್ಟಿಗೆಯ ಒಲೆಯಲ್ಲಿಯೂ ಈ ಅನಿಲ ಬಹಳವೇ ಬರುತ್ತದೆ. ಆದರೆ ಅಲ್ಲಿ ಹೊಗೆ ಕಣ್ಣಿಗೆ ಚುಚ್ಚಿ ನಮ್ಮನ್ನು ಹೊರಗೆ ಅಟ್ಟುತ್ತದೆ. ಗ್ಯಾಸ್ ಒಲೆಯಲ್ಲಿ ಅಂಥ ಎಚ್ಚರಿಕೆ ಯಾರೂ ಕೊಡುವುದಿಲ್ಲ.

ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್, ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಈ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ತಲೆನೋವು, ತಲೆ ತಿರುಗುವುದು, ವಾಕರಿಕೆ, ಕಾರಣವಿಲ್ಲದ ಸುಸ್ತು. ಬಿಸಿಲಿಗೋ ಉಪವಾಸಕ್ಕೋ ಬಂದದ್ದೆಂದು ತಳ್ಳಿಹಾಕಿಬಿಡುವಂಥ ಲಕ್ಷಣಗಳು. ಬಸುರಿಯರಲ್ಲಿ ತಾಯಿಗಿಂತ ಹೊಟ್ಟೆಯೊಳಗಿನ ಕೂಸಿಗೆ ಅಪಾಯ ಹೆಚ್ಚು. ಹೃದಯದ ಕಾಯಿಲೆ ಇದ್ದವರಿಗೆ ಸ್ವಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಪ್ರಾಣವಾಯು ತುಂಬಿದ ರಕ್ತವೆಂದೇ ಓದಿ 98, 99 ಎಂದು ತೋರಿಸಿಬಿಡುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮನೆಬಳಕೆಯ ಒಂದು ಗೋಬರ್ ಗ್ಯಾಸ್ ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಗ್ಯಾಸು ಸುಡುತ್ತದೆ ಎನ್ನಿ. ಗ್ಯಾಸಿನಲ್ಲಿ ಮೊದಲೇ ಇದ್ದದ್ದು, ಹೊಸದಾಗಿ ಹುಟ್ಟಿದ್ದು ಸೇರಿ ಹೆಚ್ಚುಕಡಿಮೆ ಅಷ್ಟೇ ಲೀಟರ್ ಇಂಗಾಲಾಮ್ಲ ಹೊರಬರುತ್ತದೆ. ಆ ಇಂಗಾಲಾಮ್ಲದ ನೂರು ಪಾಲಿಗೆ ಎರಡು ಪಾಲು ಮಾನಾಕ್ಸೈಡ್ ಇದೆಯೆಂದರೆ ಗಂಟೆಗೆ 9 ಲೀಟರ್ ಆಯಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಅಡುಗೆಮನೆಯಲ್ಲಿ ಗಾಳಿ ಗಂಟೆಗೆ ಐದು ಸಲ ಬದಲಾದರೆ, ಕೋಣೆಯ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅರುವತ್ತಕ್ಕೂ ಮಿಕ್ಕಿ ಮಾನಾಕ್ಸೈಡ್ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಗಂಟೆಯ ಮಟ್ಟಿಗೆ ಸರಿ ಎನ್ನುವ ಮಿತಿ ಒಂದು ಘನಮೀಟರ್ ಗಾಳಿಗೆ 35 ಮಿಲಿಗ್ರಾಂ, ಅಂದರೆ ಹತ್ತು ಲಕ್ಷಕ್ಕೆ ಸುಮಾರು 30. ಗಾಳಿ ಗಂಟೆಗೆ ಸುಮಾರು ಹನ್ನೊಂದು ಸಲ ಬದಲಾದರೆ ಮಾತ್ರ ಈ ಒಲೆ ಮಿತಿಯೊಳಗೆ ಬರುತ್ತದೆ. ಹಾಗಾದರೆ ಎರಡು ದಾರಿ: ಕಿಟಕಿ ತೆರೆದಿಡುವುದು ಒಂದು, ಆ ಎರಡು ಪಾಲನ್ನು ಅರ್ಧಕ್ಕೋ ಕಾಲಿಗೋ ಇಳಿಸುವ ಒಲೆ ಮಾಡುವುದು ಇನ್ನೊಂದು. ಎರಡೂ ಬೇಕು. ಕಂಪ್ಯೂಟರ್ ಬರುವುದು ಎರಡನೆಯದಕ್ಕೆ.

ತೂತು ದೊಡ್ಡದು ಮಾಡಿದರೆ ಸಾಲದು

ಗೋಬರ್ ಗ್ಯಾಸ್ ಒಲೆ ಕೆಟ್ಟಾಗ ಮನೆಯಲ್ಲಿರುವ ಹಳೆಯ ಸಿಲಿಂಡರ್ ಒಲೆಗೇ ಪೈಪು ಜೋಡಿಸಿ, ಒಳಗಿನ ಜೆಟ್ಟಿನ ತೂತನ್ನು ಅಂದಾಜಿನಲ್ಲಿ ಕೊರೆದು ದೊಡ್ಡದು ಮಾಡಿಕೊಳ್ಳುವವರಿದ್ದಾರೆ. ಉರಿಯೇನೋ ಬರುತ್ತದೆ. ಆದರೆ ಈ ಎರಡು ಗ್ಯಾಸುಗಳ ಗುಣವೇ ಬೇರೆ.

ಸಿಲಿಂಡರ್ ಗ್ಯಾಸು ಒತ್ತಡದಿಂದ, ಒಂದು ಮಿಲಿಮೀಟರಿಗಿಂತ ಸಣ್ಣ ತೂತಿನಿಂದ ಚಿಮ್ಮುತ್ತದೆ. ಗೋಬರ್ ಗ್ಯಾಸಿನ ಒತ್ತಡ ಅದರ ಮೂರನೆಯ ಒಂದು ಪಾಲಿನಷ್ಟು ಇರಬಹುದು, ಶಾಖವೂ ಕಡಿಮೆ. ಒಂದು ಘನಮೀಟರ್ ಗೋಬರ್ ಗ್ಯಾಸೆಂದರೆ ಅರ್ಧ ಕಿಲೋಗಿಂತ ಕಡಿಮೆ ಸಿಲಿಂಡರ್ ಗ್ಯಾಸಿಗೆ ಸಮ. ಆದ್ದರಿಂದ ಇದಕ್ಕೆ ಎರಡು ಮಿಲಿಮೀಟರಿನ ಆಸುಪಾಸಿನ ತೂತು ಬೇಕಾಗುತ್ತದೆ. ತೂತಿನ ಅಗಲದಲ್ಲಿ ಹತ್ತನೆಯ ಒಂದು ಪಾಲು ಹೆಚ್ಚಿದರೆ ಹರಿಯುವ ಗ್ಯಾಸು ಐದನೆಯ ಒಂದು ಪಾಲು ಹೆಚ್ಚುತ್ತದೆ. ಕೈಯಿಂದ ಕೊರೆದವರಿಗೆ ಈ ವ್ಯತ್ಯಾಸ ತಿಳಿಯುವ ಬಗೆಯೇ ಇಲ್ಲ.

ಗಾಳಿಯ ಪ್ರಮಾಣವೂ ಬೇರೆ. ನೂರಕ್ಕೆ 60 ಪಾಲು ಮೀಥೇನ್ ಇರುವ ಒಂದು ಲೀಟರ್ ಗೋಬರ್ ಗ್ಯಾಸು ಪೂರ್ತಿ ಸುಡಲು ಸುಮಾರು 5.7 ಲೀಟರ್ ಗಾಳಿ ಬೇಕು. ಇದರಲ್ಲಿ ಒಂದು ಭಾಗವನ್ನು ಜೆಟ್ಟಿನಿಂದ ಚಿಮ್ಮುವ ಗ್ಯಾಸು ತಾನೇ ಪಕ್ಕದ ಕಿಂಡಿಯಿಂದ ಎಳೆದುಕೊಂಡು, ಕೊಳವೆಯೊಳಗೆ ಬೆರೆಸಿಕೊಂಡು ಬರ್ನರಿಗೆ ಏರುತ್ತದೆ. ಉಳಿದ ಗಾಳಿ ಉರಿಯ ಸುತ್ತಲಿಂದ ಸೇರಬೇಕು.

ಇನ್ನು ಉರಿಯ ವೇಗ. ಗ್ಯಾಸು ಬರ್ನರಿನ ತೂತಿನಿಂದ ಮೇಲಕ್ಕೆ ನುಗ್ಗುತ್ತಿದ್ದರೆ ಉರಿ ಅದಕ್ಕೆ ಎದುರಾಗಿ ಕೆಳಕ್ಕೆ ಸರಿಯಲು ನೋಡುತ್ತದೆ, ಹಳ್ಳದ ಸೆಳವಿಗೆ ಎದುರಾಗಿ ಈಜುವವನ ಹಾಗೆ. ಇಬ್ಬರ ವೇಗವೂ ಸಮವಾದರೆ ಉರಿ ತೂತಿನ ಬಾಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಸಿಲಿಂಡರ್ ಗ್ಯಾಸಿನ ಉರಿ ಸೆಕೆಂಡಿಗೆ 40 ಸೆಂಟಿಮೀಟರಿನ ಸುಮಾರು ಈಜಬಲ್ಲದು. ಇಂಗಾಲಾಮ್ಲ ಬೆರೆತ ಗೋಬರ್ ಗ್ಯಾಸಿನದು 25ರ ಹತ್ತಿರ. ಹಾಗಾಗಿ ಸಿಲಿಂಡರ್ ಒಲೆಯ ಬರ್ನರಿನ ಮೇಲೆ ಇದು ಸೆಳವಿಗೆ ಸಿಕ್ಕಿ ತೂತಿನಿಂದ ಮೇಲೆದ್ದು ತೇಲಾಡುತ್ತದೆ, ಒಮ್ಮೊಮ್ಮೆ ಆರಿಯೇ ಹೋಗುತ್ತದೆ. ತೇಲುವ ಉರಿ ನೋಡಲು ನೀಲಿಯೇ. ಆದರೆ ಅದರ ಅಂಚಿನಿಂದ ಸುಡದ ಗ್ಯಾಸೂ ಮಾನಾಕ್ಸೈಡೂ ಜಾರಿಹೋಗುತ್ತವೆ. ಉರಿ ನೀಲಿ ಇದ್ದರೆ ಮಸಿ ಇಲ್ಲ ಎಂದು ಹೇಳಬಹುದು, ಅಷ್ಟೇ. ಮಾನಾಕ್ಸೈಡ್ ಇಲ್ಲ ಎಂದಲ್ಲ. ನಮ್ಮಲ್ಲಿ ಈ ತಪ್ಪು ತಿಳಿವಳಿಕೆ ಬಹಳ.

ಕಂಪ್ಯೂಟರಿನಲ್ಲಿ ಒಲೆ ಹೊತ್ತಿಸುವುದು

ಜೆಟ್ಟಿನ ತೂತು, ಗಾಳಿ ಕಿಂಡಿ, ಮಿಶ್ರಣದ ಕೊಳವೆಯ ಉದ್ದ ಮತ್ತು ಗಂಟಲು, ಬರ್ನರಿನ ತೂತುಗಳ ಸಂಖ್ಯೆ ಮತ್ತು ಓರೆ, ಬರ್ನರಿಗೂ ಪಾತ್ರೆಗೂ ನಡುವಿನ ಅಂತರ. ಇವುಗಳಲ್ಲಿ ಒಂದನ್ನು ಮುಟ್ಟಿದರೆ ಉಳಿದವೆಲ್ಲ ಅಲುಗಾಡುತ್ತವೆ. ಒಂದೊಂದನ್ನೂ ಐದು ಬಗೆಯಲ್ಲಿ ಬದಲಿಸಿ ನೋಡಬೇಕೆಂದರೆ ಸಾವಿರಾರು ಒಲೆಗಳನ್ನು ಎರಕ ಹೊಯ್ಯಬೇಕು. ಯಾವ ಕಾರ್ಖಾನೆಯೂ ಅದನ್ನು ಮಾಡದು. ಹಿಂದೆ ಅನುಭವದ ಮೇಲೆ ನಾಲ್ಕಾರು ಮಾದರಿ ಮಾಡಿ, ಚೆನ್ನಾಗಿ ಕಂಡದ್ದನ್ನು ಇಟ್ಟುಕೊಳ್ಳುತ್ತಿದ್ದರು. ಬ್ರಿಟನ್ನಿನ ಡೇವಿಡ್ ಫುಲ್‌ಫರ್ಡ್ ನೇಪಾಳದಲ್ಲಿ ಗೋಬರ್ ಗ್ಯಾಸಿನ ಕೆಲಸ ಮಾಡಿ ಬಂದವರು. ಇಂಥ ಒಲೆಯ ಲೆಕ್ಕಗಳನ್ನು 1996ರಲ್ಲಿ ಒಂದು ಕಿರುಪಾಠವಾಗಿ ಬರೆದಿಟ್ಟರು. ಜೆಟ್ಟು, ಗಂಟಲು, ತೂತು ಎಷ್ಟಿರಬೇಕೆಂಬ ಮೊದಲ ಅಂದಾಜಿಗೆ ಇಂಥ ಕೈಲೆಕ್ಕ ಸಾಕು. ಉರಿಯ ಯಾವ ಮೂಲೆಯಲ್ಲಿ ಮಾನಾಕ್ಸೈಡ್ ಉಳಿಯುತ್ತದೆ ಎಂದು ಮಾತ್ರ ಅದು ಹೇಳದು.

ಆ ಮೂಲೆಗಳನ್ನು ಹುಡುಕುವುದು ಕಂಪ್ಯೂಟರ್. ಸಿಮ್ಯುಲೇಶನ್ ಎಂದು ಕರೆಯುವ ಈ ವಿಧಾನವನ್ನು ಅಣಕು ಪ್ರಯೋಗ ಎನ್ನಬಹುದು. ಜೆಟ್ಟಿನಿಂದ ಪಾತ್ರೆಯ ಅಂಚಿನವರೆಗಿನ ಜಾಗವನ್ನೆಲ್ಲ ಕಾಳಿನಷ್ಟು, ಕೆಲವೆಡೆ ಅದಕ್ಕಿಂತ ಬಹಳ ಸಣ್ಣ ಲಕ್ಷಾಂತರ ಗೂಡುಗಳಾಗಿ ಭಾಗ ಮಾಡುತ್ತಾರೆ. ಪ್ರತಿಯೊಂದು ಗೂಡಿಗೂ ಒಂದು ಜಮಾಖರ್ಚು ಇರುತ್ತದೆ: ಎಷ್ಟು ಗ್ಯಾಸು ಒಳಬಂತು, ಎಷ್ಟು ಹೊರಹೋಯಿತು, ಎಷ್ಟು ಸುಟ್ಟಿತು, ಎಷ್ಟು ಶಾಖ ಹುಟ್ಟಿತು, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸರಿಯಿತು. ಒಂದು ಗೂಡಿನ ಖರ್ಚು ಪಕ್ಕದ ಗೂಡಿನ ಜಮೆ. ಎಲ್ಲ ಗೂಡುಗಳ ಲೆಕ್ಕವೂ ಒಂದಕ್ಕೊಂದು ತಾಳೆಯಾಗುವ ತನಕ ಕಂಪ್ಯೂಟರ್ ಮತ್ತೆ ಮತ್ತೆ ಕೂಡಿ ಕಳೆಯುತ್ತದೆ. ಹರಿವಿನ ಈ ಲೆಕ್ಕವನ್ನು ತಾಳೆ ಹಾಕುವ ಹೆಸರಾಂತ ವಿಧಾನವೊಂದನ್ನು 1972ರಲ್ಲಿ ಲಂಡನ್ನಿನಲ್ಲಿ ರೂಪಿಸಿದವರು ಬ್ರಿಯಾನ್ ಸ್ಪಾಲ್ಡಿಂಗ್ ಮತ್ತು ಸುಹಾಸ ಪಾಟಣಕರ. ಪಾಟಣಕರ ಅವರು ಇಂಜಿನಿಯರಿಂಗ್ ಓದಿದ್ದು ನಮ್ಮ ಪಕ್ಕದ ಪುಣೆಯಲ್ಲಿ. 1980ರಲ್ಲಿ ಅವರು ಬರೆದ ಪುಸ್ತಕವನ್ನು ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಓದುತ್ತಾರೆ.

ಗಾಳಿಯ ಹರಿವಿನ ಜೊತೆ ರಸಾಯನದ ಲೆಕ್ಕವೂ ಸೇರಬೇಕು. ಮೀಥೇನ್ ಸುಡುವ ಮೆಟ್ಟಿಲುಗಳನ್ನು ಅಮೆರಿಕದ ವಿಶ್ವವಿದ್ಯಾಲಯಗಳು ಪಟ್ಟಿಮಾಡಿ 1999ರಲ್ಲಿ ಎಲ್ಲರ ಬಳಕೆಗೆ ಕೊಟ್ಟವು. ಅದರಲ್ಲಿ 53 ಬಗೆಯ ಪದಾರ್ಥಗಳು, 325 ಕ್ರಿಯೆಗಳಿವೆ. ಒಂದು ಒಲೆಯ ಉರಿ ಎಂದು ನಾವು ಸಲೀಸಾಗಿ ಹೇಳುವುದರ ಒಳಗೆ ಇಷ್ಟೊಂದು ವ್ಯವಹಾರ! ಎಲ್ಲವನ್ನೂ ಲಕ್ಷಾಂತರ ಗೂಡುಗಳಲ್ಲಿ ಲೆಕ್ಕ ಹಾಕುವುದು ದೊಡ್ಡ ಗಣಕಯಂತ್ರಗಳಿಗೂ ಭಾರ. ಆದ್ದರಿಂದ ಮುಖ್ಯವಾದ ಕ್ರಿಯೆಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ರಾಕೆಟ್ಟು, ವಿಮಾನದ ಎಂಜಿನ್ ಮಾಡುವವರಿಗೆ ಮಾತ್ರ ಎಟುಕುತ್ತಿದ್ದ ಕೆಲಸ ಇದು. 2004ರಲ್ಲಿ ಓಪನ್‌ಫೋಮ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಮೇಲೆ ಸಾಧಾರಣ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವೂ ಇದನ್ನು ಮಾಡಬಹುದಾಗಿದೆ.

ಲೆಕ್ಕ ಮುಗಿದ ಮೇಲೆ ಪರದೆಯ ಮೇಲೆ ಉರಿಯ ಸೀಳುನೋಟ ಕಾಣುತ್ತದೆ. ಎಲ್ಲಿ ಬಿಸಿ, ಎಲ್ಲಿ ತಂಪು, ಮಾನಾಕ್ಸೈಡ್ ಎಲ್ಲಿ ಹುಟ್ಟಿ ಎಲ್ಲಿ ಸುಡುತ್ತದೆ, ಯಾವ ಸಂದಿಯಲ್ಲಿ ಸುಡದೆ ಜಾರಿಕೊಳ್ಳುತ್ತದೆ ಎಂಬುದನ್ನು ಬಣ್ಣಗಳಲ್ಲಿ ನೋಡಬಹುದು. ಪಾತ್ರೆ ಇಡುವ ಕಡ್ಡಿಗಳನ್ನು ಐದು ಮಿಲಿಮೀಟರ್ ಎತ್ತರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕಮ್ಮಾರನ ಬಳಿ ಹೋಗಬೇಕಾಗಿಲ್ಲ. ಒಂದು ಅಂಕಿ ಬದಲಿಸಿದರೆ ಸಾಕು. ಪಾತ್ರೆ ಉರಿಗೆ ತೀರ ಹತ್ತಿರವಾದರೆ ಉರಿ ತಣಿದು ಮಾನಾಕ್ಸೈಡ್ ಹೆಚ್ಚುತ್ತದೆ, ತೀರ ದೂರವಾದರೆ ಶಾಖ ಪಕ್ಕದಿಂದ ಸೋರಿಹೋಗುತ್ತದೆ. ನಡುವಿನ ಸರಿಯಾದ ಅಂತರ ಯಾವುದೆಂದು ಹುಡುಕುವುದು ಇಂಥ ಪ್ರಯೋಗದ ಮೊದಲ ಫಲ.

ಆದರೆ ಪರದೆಯ ಚಿತ್ರವನ್ನು ನೋಡಿ ಮರುಳಾಗಬಾರದು. ಬಿಸಿ ಎಷ್ಟೆಂದು ಕಂಪ್ಯೂಟರ್ ತಕ್ಕಮಟ್ಟಿಗೆ ಸರಿಯಾಗಿ ಹೇಳುತ್ತದೆ. ಮಾನಾಕ್ಸೈಡ್ ಎಷ್ಟೆಂದು ಹೇಳುವುದು ಅದಕ್ಕಿಂತ ಕಷ್ಟ, ಏಕೆಂದರೆ ಉರಿಯ ಪದರ ಬಹು ತೆಳುವಾದದ್ದು, ಉಳಿಯುವ ಮಾನಾಕ್ಸೈಡ್ ಅತ್ಯಲ್ಪವಾದದ್ದು. ಆದ್ದರಿಂದ ನೂರು ಅಣಕು ಒಲೆಗಳಲ್ಲಿ ಆರಿಸಿದ ಎರಡು ಮೂರನ್ನು ನಿಜವಾಗಿ ಮಾಡಿಸಿ, ಮೇಲೆ ಹೊಗೆಗೂಡು ಇಟ್ಟು, ಅನಿಲ ಅಳೆಯುವ ಉಪಕರಣದಿಂದ ಪರೀಕ್ಷಿಸಲೇಬೇಕು. ಆ ಕೊನೆಯ ಪರೀಕ್ಷೆಯನ್ನು ಬಿಟ್ಟು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ್ದೆಂದು ಹೇಳಿ ಮಾರುವ ಒಲೆಯನ್ನು ನಂಬಬೇಕಾಗಿಲ್ಲ.

ಹಂಚಿನ ಪ್ರಶ್ನೆ

ಕಂಪ್ಯೂಟರಿಗೆ ನಾವು ಏನು ಹೇಳಿಕೊಡುತ್ತೇವೋ ಅದಷ್ಟೇ ಗೊತ್ತು. ಒಲೆಯ ಪರೀಕ್ಷೆಯೆಂದರೆ ಸಾಮಾನ್ಯವಾಗಿ ಸಪಾಟು ತಳದ ಪಾತ್ರೆಯಲ್ಲಿ ನೀರು ಕಾಯಿಸುವುದು. ನಮ್ಮ ಜಿಲ್ಲೆಯ ಒಲೆಯ ಮೇಲೆ ದಿನಕ್ಕೆರಡು ಸಲ ಕೂರುವುದು ಅದಲ್ಲ, ರೊಟ್ಟಿಯ ಹಂಚು. ಅದು ಬರ್ನರಿಗಿಂತ ಬಹಳ ಅಗಲ, ತಳ ಕೊಂಚ ಗುಂಡಗೆ. ನಡುವಿನಲ್ಲಷ್ಟೇ ಉರಿ ಬಡಿದರೆ ರೊಟ್ಟಿಯ ನಡು ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ. ಅಗಲವಾದ ಹಂಚು ಮುಚ್ಚಳದಂತೆ ಕೂತು ಉರಿಯ ಸುತ್ತಲಿನ ಗಾಳಿಗೆ ಅಡ್ಡ ಬರುತ್ತದೆ. ಪ್ರಯೋಗಾಲಯದಲ್ಲಿ ಉತ್ತೀರ್ಣವಾದ ಒಲೆ ಹಂಚಿನ ಕೆಳಗೆ ನಪಾಸಾಗಬಹುದು. ಮೇಲಾಗಿ ನಮ್ಮಲ್ಲಿ ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಖಡಕ್ ಮಾಡುವ ರೂಢಿ ಉಂಟು. ಗ್ಯಾಸಿನಲ್ಲಿ ಕೆಂಡವೆಲ್ಲಿ? ಆಗ ರೊಟ್ಟಿಯನ್ನು ಬರ್ನರಿನ ಮೇಲೇ ಹಿಡಿಯುತ್ತಾರೆ, ಹಿಟ್ಟು ಉದುರಿ ತೂತು ಕಟ್ಟುತ್ತದೆ.

ಎರಡನೆಯದು ಒತ್ತಡ. ಕಬ್ಬಿಣದ ಡ್ರಮ್ಮು ತೇಲುವ ಹಳೆಯ ಮಾದರಿಯಲ್ಲಿ ಒತ್ತಡ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. 1984ರಲ್ಲಿ ಬಂದ ದೀನಬಂಧು ಮಾದರಿಯಂಥ ಇಟ್ಟಿಗೆಯ ಗುಮ್ಮಟದಲ್ಲಿ ಹಾಗಲ್ಲ. ಬೆಳಿಗ್ಗೆ ಗುಮ್ಮಟ ತುಂಬಿದಾಗ ಒತ್ತಡ ಜೋರು, ಅಡುಗೆ ಮುಗಿಯುವ ಹೊತ್ತಿಗೆ ಮೆತ್ತಗೆ. ಮೊದಲ ರೊಟ್ಟಿಗೆ ಉರಿ ತೂತು ಬಿಟ್ಟು ಹಾರುತ್ತದೆ, ಕಡೆಯ ರೊಟ್ಟಿಗೆ ಸೊರಗಿ ತೂಗಾಡುತ್ತದೆ. ಒಂದೇ ಒತ್ತಡಕ್ಕೆ ಲೆಕ್ಕ ಹಾಕಿದ ಒಲೆ ಇಲ್ಲಿ ಸಾಲದು. ಜೋರು, ಮಧ್ಯಮ, ಮೆತ್ತನೆ ಮೂರಕ್ಕೂ ಅಣಕು ಪ್ರಯೋಗ ನಡೆಯಬೇಕು. ಹಂಚಿನ ಅಗಲ, ಗುಮ್ಮಟದ ಒತ್ತಡ, ಚಳಿಗಾಲದಲ್ಲಿ ಗ್ಯಾಸು ಎಷ್ಟು ಇಳಿಯುತ್ತದೆ ಎಂಬ ವಿವರಗಳನ್ನು ಹೇಳಬೇಕಾದವರು ಅಡುಗೆ ಮಾಡುವವರು. ಅವರನ್ನು ಕೇಳದೆ ಮಾಡಿದ ಒಲೆಗಳಿಗೆ ಏನಾಗುತ್ತದೆ ಎಂಬುದು ಹಳ್ಳಿಗಳ ಅಟ್ಟಗಳನ್ನು ನೋಡಿದವರಿಗೆ ಗೊತ್ತು.

ಗ್ಯಾಸು ಉಳಿಸುವುದೂ ಆರೋಗ್ಯದ ಪ್ರಶ್ನೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಉದ್ದೇಶ ಅಡುಗೆ. ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಗ್ಯಾಸು ಬರಲಿಲ್ಲ. 1987ರಲ್ಲಿ ಆ ಗ್ಯಾಸಿನಿಂದ ಎಂಜಿನ್ ನಡೆಸಿ ಕುಡಿಯುವ ನೀರು, ದೀಪಗಳಿಗೆ ಬಳಸುವಂತೆ ಯೋಜನೆಯನ್ನೇ ಬದಲಿಸಿದರು. ಪಕ್ಕದ ಶಿರಸಿ ಸೀಮೆಯಲ್ಲಿ ಬೇರೆ ಕಥೆ. ಅಲ್ಲಿ ಮನೆಮನೆಯ ಸ್ಥಾವರಗಳು ಚೆನ್ನಾಗಿ ನಡೆದವು. ಅಡಿಕೆ ತೋಟಕ್ಕೆ ಗೊಬ್ಬರದ ರಾಡಿ ಬೇಕಿತ್ತು, ಕಟ್ಟಿಕೊಟ್ಟವರು ರಿಪೇರಿಗೂ ಬರುತ್ತಿದ್ದರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶಿರಸಿಯನ್ನು ಯಶಸ್ಸಿನ ಉದಾಹರಣೆಯಾಗಿಯೇ ಬರೆದಿದೆ.

ನಮ್ಮ ಎರೆಸೀಮೆಯ ಮನೆಯ ಲೆಕ್ಕ ನೋಡಿ. ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು ಹಾಕಿದರೆ 2 ಘನಮೀಟರ್ ಗ್ಯಾಸು. ಒಂದು ಬರ್ನರಿಗೆ ನಾಲ್ಕೂವರೆ ಗಂಟೆಯ ಹತ್ತಿರ ಬರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿರುವ ಮನೆಯಲ್ಲಿ ಅಷ್ಟು ಸೆಗಣಿಯೂ ಕಷ್ಟ, ಬೇಸಿಗೆಯಲ್ಲಿ ನವಲಗುಂದದ ಕಡೆ ನೀರೂ ಕಷ್ಟ. ಒಲೆಯ ಶಾಖದಲ್ಲಿ ನೂರಕ್ಕೆ 45 ಪಾಲು ಪಾತ್ರೆಗೆ ಸೇರುವ ಬದಲು 55 ಪಾಲು ಸೇರಿದರೆ, ಅದೇ ಗ್ಯಾಸಿನಲ್ಲಿ ಸುಮಾರು ಒಂದು ಗಂಟೆಯ ಅಡುಗೆ ಹೆಚ್ಚಿಗೆ ಸಿಕ್ಕಿದಂತೆ. ಗೋಬರ್ ಗ್ಯಾಸ್ ಒಲೆಗಳಿಗೆ ಭಾರತೀಯ ಮಾನಕ ಕೇಳುವುದೂ ಕನಿಷ್ಠ 55. ಆ ಒಂದು ಗಂಟೆ ಸಿಗದ ಮನೆಯಲ್ಲಿ ರಾತ್ರಿಯ ರೊಟ್ಟಿ ಮತ್ತೆ ಹತ್ತಿ ಕಟ್ಟಿಗೆಯ ಮೇಲೆ ಬೇಯುತ್ತದೆ. ಬಿಟ್ಟೆವೆಂದುಕೊಂಡ ಹೊಗೆ ಮತ್ತೆ ಮನೆಗೆ ಬರುತ್ತದೆ.

ಗ್ಯಾಸನ್ನೂ ಗಾಳಿಯನ್ನೂ ಸರಿಯಾಗಿ ಬೆರೆಸುವ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನ ಸಂಶೋಧಕರು, ಕಟ್ಟಿಗೆಯಿಂದ ತೆಗೆದ ಗ್ಯಾಸು ಮತ್ತು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ನಡೆಸಿ, ಬೆರೆಸುವ ಕಾರ್ಬ್ಯುರೇಟರ್ ಇದ್ದಾಗ ಮತ್ತು ಇಲ್ಲದಾಗ ಏನಾಗುತ್ತದೆ ಎಂಬ ಹೋಲಿಕೆಯನ್ನು 2009ರಲ್ಲಿ ಪ್ರಕಟಿಸಿದರು. ಆ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. 2016ರಿಂದ ಧಾರವಾಡದಲ್ಲಿ ಐಐಟಿ ಇದೆ, ಅದಕ್ಕೂ ಬಹಳ ಮೊದಲಿನಿಂದ ಕೃಷಿ ವಿಶ್ವವಿದ್ಯಾಲಯವಿದೆ. ಹಂಚಿಗೆ ತಕ್ಕ ಗೋಬರ್ ಗ್ಯಾಸ್ ಬರ್ನರ್ ರೂಪಿಸಲು ಬೇಕಾದ ಕಂಪ್ಯೂಟರೂ ಜಾಣರೂ ಸೆಗಣಿಯೂ ಒಂದೇ ಜಿಲ್ಲೆಯಲ್ಲಿರುವಾಗ, ಈ ಕೆಲಸಕ್ಕೆ ದೂರದವರನ್ನು ಕಾಯಬೇಕಾಗಿಲ್ಲ ಎನ್ನಿಸುತ್ತದೆ.

ನಿಮ್ಮ ಅಡುಗೆಮನೆಯಲ್ಲಿ

ಅಂಥ ಒಲೆ ಬರುವವರೆಗೆ ಈಗಿರುವ ಒಲೆಯನ್ನು ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಉರಿ ತೂತಿಗೆ ಅಂಟಿಕೊಂಡು ನಿಂತಿರಬೇಕು. ತುದಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಕಡಿಮೆ. ಜೆಟ್ಟಿನ ಪಕ್ಕದ ಗಾಳಿ ಕಿಂಡಿಯನ್ನು ಸ್ವಲ್ಪ ತೆರೆಯಿರಿ. ಉರಿ ಮೇಲೆದ್ದು ಸದ್ದು ಮಾಡುತ್ತಿದ್ದರೆ ಕಾಕು ತಿರುಗಿಸಿ ಗ್ಯಾಸು ತಗ್ಗಿಸಿ, ಸಾಲದಿದ್ದರೆ ಕಿಂಡಿಯನ್ನು ಕೊಂಚ ಮುಚ್ಚಿ. ಉರಿ ಬಿಟ್ಟು ಬಿಟ್ಟು ತೂಗಾಡಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ; ತಗ್ಗಿನಲ್ಲಿ ಇಟ್ಟಿರುವ ನೀರು ತೆಗೆಯುವ ನಳದಿಂದ ಅದನ್ನು ಬಸಿಯಿರಿ. ಬರ್ನರಿನ ತೂತುಗಳನ್ನು ವಾರಕ್ಕೊಮ್ಮೆ ತಂತಿಯಿಂದ ಬಿಡಿಸಬಹುದು. ಆದರೆ ಜೆಟ್ಟಿಗೆ ಸೂಜಿ, ಮೊಳೆ ಹಾಕಿ ಅಗಲಿಸಬೇಡಿ.

ನಮ್ಮ ಮೇಲ್ಮುದ್ದೆ ಮನೆಗಳಲ್ಲಿ ಒಲೆಯ ನೇರಕ್ಕೆ ಒಂದು ಬೆಳಕಿಂಡಿ ಇರುತ್ತಿತ್ತು. ಗ್ಯಾಸು ಬಂದ ಮೇಲೆ ಹೊಗೆಯಿಲ್ಲವಲ್ಲ ಎಂದು ಅದನ್ನು ಮುಚ್ಚಿಸಿದವರಿದ್ದಾರೆ. ದಯವಿಟ್ಟು ತೆರೆಸಿ. ಚಳಿಗೆಂದು ಬಾಗಿಲು ಕಿಟಕಿ ಹಾಕಿಕೊಂಡು ಒಲೆ ಉರಿಸಿ ಮಲಗುವುದಂತೂ ಕೂಡದು.

ಅಡುಗೆಮನೆಯಲ್ಲಿದ್ದಾಗ ತಲೆ ನೋಯುತ್ತದೆ, ಹೊರಗೆ ಕಟ್ಟೆಯ ಮೇಲೆ ಕುಳಿತ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದಾದರೆ ಅದನ್ನು ಲಘುವಾಗಿ ಎಣಿಸಬೇಡಿ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಹಾಗಾದರೆ ಅನುಮಾನ ಇನ್ನೂ ಗಟ್ಟಿ. ಒಲೆ ಆರಿಸಿ, ಬಾಗಿಲು ತೆರೆದು, ಎಲ್ಲರೂ ಬಯಲಿಗೆ ಬನ್ನಿ. ಯಾರಾದರೂ ಮಂಕಾಗಿದ್ದರೆ, ಎಚ್ಚರ ತಪ್ಪಿದ್ದರೆ 108ಕ್ಕೆ ಕರೆಮಾಡಿ. ಒಲೆಯ ಮುಂದೆ ಹೀಗಾಯಿತು ಎಂಬುದನ್ನು ವೈದ್ಯರಿಗೆ ನೀವಾಗಿ ಹೇಳಿ, ಇಲ್ಲವಾದರೆ ಅವರಿಗೆ ಈ ಸಂಶಯ ಬರಲಿಕ್ಕಿಲ್ಲ. ಇದಕ್ಕೆ ಮುಖ್ಯ ಚಿಕಿತ್ಸೆ ಆಮ್ಲಜನಕ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಒಲೆಗೆ ಸಂಬಂಧಿಸದಿದ್ದರೂ ಹೇಳದೆ ಬಿಡಲಾಗದ ಇನ್ನೊಂದು ಮಾತಿದೆ. ಗುಂಡಿ ಕಟ್ಟಿಕೊಂಡಿತೆಂದು ಅದನ್ನು ಸ್ವಚ್ಛ ಮಾಡಲು ಯಾರೂ ಒಳಗೆ ಇಳಿಯಕೂಡದು, ಖಾಲಿ ಮಾಡಿ ದಿನಗಳಾಗಿದ್ದರೂ ಸರಿ. ತಳದಲ್ಲಿ ನಿಲ್ಲುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ. ವಾಸನೆ ಇಲ್ಲವೆಂದು ಇಳಿದವರು ಅಲ್ಲಿಯೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಕಟ್ಟಿಕೊಟ್ಟವರನ್ನೇ ಕರೆಸಿ, ಮೇಲಿನಿಂದಲೇ ತೆಗೆಸಿ.

ಹೊಸ ಒಲೆ ಕೊಳ್ಳುವಾಗ ಐಎಸ್‌ಐ ಗುರುತು ಇದೆಯೇ, ಗೋಬರ್ ಗ್ಯಾಸಿಗೆಂದೇ ಮಾಡಿದ್ದೇ ಎಂದು ನೋಡಿ. ಅಂಗಡಿಯವರು ಒಪ್ಪಿದರೆ ಮನೆಯ ಹಂಚನ್ನೂ ಒಯ್ಯಿರಿ. ಕಡ್ಡಿಗಳ ಮೇಲೆ ಅಲುಗದೆ ಕೂರುತ್ತದೆಯೇ, ಬರ್ನರಿಗೂ ಹಂಚಿನ ತಳಕ್ಕೂ ನಡುವೆ ಉರಿ ಹರಡಲು ಜಾಗ ಉಳಿಯುತ್ತದೆಯೇ ಎಂದು ಅಲ್ಲಿಯೇ ಇಟ್ಟು ನೋಡಬಹುದು.